ಕೂತ ಕೂಸಿನ ಅಪ್ಪ

ಅವರ ಬಲಗೈ ಹೆಬ್ಬೆರಳ ಒಳಮೈಯಲ್ಲಿ ಅಡ್ಡಕ್ಕೆ ಒಂದು ಗೀರು ಇತ್ತು. ಗಾಯವಲ್ಲ, ಸುಟ್ಟ ಕಲೆಯೂ ಅಲ್ಲ. ವರ್ಷಗಟ್ಟಲೆ ತಾಮ್ರದ ತಂತಿ ಒಂದೇ ಜಾಗದಲ್ಲಿ ಹಾದು ಹೋಗಿ ಚರ್ಮದ ಮೇಲೆ ಮಾಡಿಕೊಂಡ ಕಾಲುದಾರಿ ಅದು. ಚಿಕ್ಕವಳಿದ್ದಾಗ ನಾನು ಆ ಗೀರಿಗೆ ಉಗುರು ಕೊಟ್ಟು ಈ ತುದಿಯಿಂದ ಆ ತುದಿಗೆ ಎಳೆಯುತ್ತಾ ಕೂರುತ್ತಿದ್ದೆ. ಅವರು ಕೈಯನ್ನು ನನಗೆ ಬಿಟ್ಟುಕೊಟ್ಟು ಇನ್ನೆಲ್ಲೋ ನೋಡುತ್ತಿದ್ದರು. ಆ ಕೈಗೆ ವಾರ್ನಿಷ್ ವಾಸನೆ. ಈಗಲೂ ಯಾರದಾದರೂ ಹೊಸ ಮನೆಯ ಬಾಗಿಲಿಗೆ ವಾರ್ನಿಷ್ ಬಳಿಯುತ್ತಿದ್ದರೆ ನನ್ನ ಕಾಲು ತಾನಾಗಿ ನಿಲ್ಲುತ್ತದೆ. ಹಿಂದಿನಿಂದ ಯಾರೋ "ಏನವ್ವಾ, ಉಂಡ್ಯಾ?" ಅಂದ ಹಾಗಾಗಿ ತಿರುಗಿ ನೋಡುತ್ತೇನೆ. ಬಾಗಿಲು ಮಾತ್ರ ಇರುತ್ತದೆ.

ಸುಟ್ಟುಹೋದ ಪಂಪ್‌ಸೆಟ್ ಮೋಟಾರುಗಳಿಗೆ ಹೊಸ ತಂತಿ ಸುತ್ತಿ ಕೊಡುವುದು ಅವರ ಕಸುಬು. ಹಾಗಾಗಿ ನಮಗೆಲ್ಲ ಅವರು ವೈಂಡಿಂಗ್ ಮಾಮ, ಅವರ ಹೆಂಡತಿ ಅತ್ತೆ. ಭದ್ರಾವತಿ ಕಡೆಯವರು. ಮದುವೆಯಾದ ಹೊಸದರಲ್ಲೇ ನ್ಯಾಮತಿಯಲ್ಲಿ ಅಂಗಡಿ ತೆರೆದು, ಗೋವಿನಕೋವಿಯ ನಮ್ಮ ಮನೆಯ ಮುಂದಿನ ಎರಡು ಕೋಣೆ ಬಾಡಿಗೆಗೆ ಹಿಡಿದರಂತೆ. ಊರಿಗೆಲ್ಲ ಅವರದೊಂದೇ ಕ್ಯಾಥೊಲಿಕ್ ಮನೆ. ನಮ್ಮ ಅಜ್ಜ ಯಾರನ್ನೂ ಏನೂ ಕೇಳುವವನಲ್ಲ. ಅಜ್ಜಿ ಮಾತ್ರ ಒಂದು ಷರತ್ತು ಹಾಕಿದ್ದಳು: ಲಿಂಗವಂತರ ಮನೆ, ಒಳಗೆ ಮಾಂಸ ಬೇಯಬಾರದು. ಮಾಮ ಒಪ್ಪಿದ್ದು ಮಾತ್ರವಲ್ಲ, ಕೊನೆಯವರೆಗೂ ನಡೆಸಿದರು. ಭಾನುವಾರ ಗಂಡ ಹೆಂಡತಿ ಪೂಜೆಗೆಂದು ಶಿವಮೊಗ್ಗದ ಚರ್ಚಿಗೆ ಹೋಗಿ, ಅಲ್ಲೇ ಯಾವುದೋ ಹೋಟೆಲಿನಲ್ಲಿ ಕೋಳಿ ಊಟ ಮುಗಿಸಿ, ಸಂಜೆ ಬಸ್ಸಿಗೆ ಕಳ್ಳರ ಹಾಗೆ ಮನೆ ಸೇರುತ್ತಿದ್ದರು. ಅಜ್ಜಿ ಕಟ್ಟೆ ಮೇಲೆ ಕಾದಿದ್ದು, "ಬಾಯಿ ತೊಳಕಂಡ್ರೇನ್ರಪ್ಪಾ?" ಎಂದು ಕೇಳುವಳು. ಅಷ್ಟು ಕೇಳಿ ತಾನೇ ಚಹಾ ಮಾಡಿ ಕೊಡುವಳು.

ಮಾಮ ತಂತಿ ಸುತ್ತುವುದನ್ನು ನೋಡಿದವರು ಮರೆಯುವುದಿಲ್ಲ. ಮರದ ಅಚ್ಚಿಗೆ ತಂತಿ ಹಚ್ಚಿ ಎಡಗೈಯಲ್ಲಿ ಹಿಡಿಕೆ ತಿರುಗಿಸುವರು. ಬಲಗೈ ಹೆಬ್ಬೆರಳ ಗೀರಿನಲ್ಲಿ ತಂತಿ ಹಾಯುವುದು. ತುಟಿ ಅಲುಗುತ್ತಿರುವುದು. ಮೋಟಾರಿಗೆ ತಕ್ಕಂತೆ ಒಂದೊಂದು ತಂತಿ ಸುರುಳಿಗೆ ಇಷ್ಟೇ ಸುತ್ತು ಅಂತ ಲೆಕ್ಕವಿರುತ್ತದೆ. ಬೇರೆಯವರು ಒಂದು ಎರಡು ಎಂದು ಎಣಿಸಿದರೆ, ಮಾಮ ಒಂದು ಸುತ್ತಿಗೆ ಒಂದು ಸಲ "ನಮೋ ಮರಿಯಾ" ಅನ್ನುವರು. ಜಪಸರದಲ್ಲಿ ಮಣಿ ಜರುಗಿದ ಹಾಗೆ ಬೆರಳಲ್ಲಿ ಸುತ್ತು ಜರುಗುತ್ತಿತ್ತು. ಆ ಹೊತ್ತಿನಲ್ಲಿ ಮಾತಾಡಿಸಿದರೆ ಲೆಕ್ಕ ತಪ್ಪುತ್ತಿತ್ತು. ತಪ್ಪಿದರೆ ಅವರು ಬಯ್ಯುತ್ತಿರಲಿಲ್ಲ. ಸುತ್ತಿದ್ದನ್ನೆಲ್ಲ ನಿಧಾನಕ್ಕೆ ಬಿಚ್ಚಿ ಮೊದಲಿಂದ ಶುರು ಮಾಡುತ್ತಿದ್ದರು. ಬಯ್ದಿದ್ದರೇ ವಾಸಿ ಎಂದು ಕಾಯುತ್ತಾ ಕೂತವರಿಗೆ ಅನಿಸುತ್ತಿತ್ತು.

ಒಮ್ಮೆ ಜಗಳೂರು ಸೀಮೆಯ ಬಿಳಿಚೋಡಿನಿಂದ ಒಬ್ಬ ರೈತ ಬೋರ್‌ವೆಲ್ಲಿನ ಮೋಟಾರನ್ನು ಹೆಗಲ ಮೇಲೆ ಹೊತ್ತು, ಬಸ್ಸಿನಿಂದ ಬಸ್ಸಿಗೆ ಹತ್ತಿಳಿದು ಬಂದಿದ್ದ. ಶಾಲೆ ರಜೆಯೆಂದು ನಾನೂ ಅಂಗಡಿಯಲ್ಲಿದ್ದೆ. ಆತ ಕೂತಲ್ಲಿ ಕೂರಲಾರ. "ಎಷ್ಟೊತ್ತಾಗ್ತೈತ್ರೀ?" ಎಂದ. ಮಾಮ ಬಿಚ್ಚಿದರು. ಸ್ವಲ್ಪ ಹೊತ್ತಿಗೆ, "ಸಂಜೀ ಬಸ್ಸು ಸಿಗ್ತೈತೇನ್ರೀ?" ಎಂದ. ಮಾಮ ಮತ್ತೆ ಬಿಚ್ಚಿದರು. ಆಗ ನಾನು ಅವನ ಕಿವಿಯಲ್ಲಿ ಸಂಗತಿ ಹೇಳಿದೆ. ಆತ ಬೆಚ್ಚಿ, ಹೆಗಲ ವಸ್ತ್ರವನ್ನು ಬಾಯಿಗೆ ಒತ್ತಿಕೊಂಡು ಕೆಲಸ ಮುಗಿಯುವ ತನಕ ಉಸಿರೆತ್ತಲಿಲ್ಲ. ಕೆಲವು ತಿಂಗಳ ಮೇಲೆ ತೆಂಗಿನಕಾಯಿ ಹಿಡಿದುಕೊಂಡು ಬಂದ. "ಮೋಟ್ರು ಕಲ್ಲಿನಂಗೈತೆ, ಒಂದಿನಾನೂ ಕೆಟ್ಟಿಲ್ಲ. ನಿಮ್ಮಮ್ಮಾರಿಗೆ ಒಂದು ಕಾಯಿ ಒಡಿಸ್ರೀ" ಎಂದು ಗೋಡೆಯ ಮೇಲಿದ್ದ ಮರಿಯಮ್ಮನ ಪಟದ ಕಡೆ ಕೈ ಮಾಡಿದ. ಮಾಮ ಬೇಡ ಅನ್ನಲಿಲ್ಲ. ಅಂಗಡಿಯ ಹೊಸ್ತಿಲ ಮೇಲೆ ಕಾಯಿ ಒಡೆಯಿತು. ಚೂರುಗಳನ್ನು ಸಾಲಿನ ಅಂಗಡಿಗಳಿಗೆಲ್ಲ ಮಾಮನೇ ಹಂಚಿ ಬಂದರು.

ಈಗ ಅಂಗಡಿ ನೋಡಿಕೊಳ್ಳುವ ಅವರ ಮಗ ಸುತ್ತು ಎಣಿಸುವ ಯಂತ್ರ ಇಟ್ಟಿದ್ದಾನೆ. ಹಳೆಯ ಗಿರಾಕಿಗಳಿಗೆ ಅದು ಇಷ್ಟವಿಲ್ಲ. ಹೊನ್ನಾಳಿಯ ಮುದುಕರೊಬ್ಬರು, "ಮಂತ್ರ ಇಲ್ಲದ ಮೋಟ್ರು ನಂಗ್ಬ್ಯಾಡಪ್ಪ" ಎಂದು ಹಟ ಹಿಡಿದಾಗ, ಪಾಪ, ಹುಡುಗ ಯಂತ್ರದ ಮುಂದೆ ಕೂತು ಸುಮ್ಮನೆ ತುಟಿ ಅಲುಗಿಸಿದನಂತೆ. ಮಾಮನಿಗೆ ಇದು ಗೊತ್ತಾಗಿ ಹೊಟ್ಟೆ ಹಿಡಿದು ನಕ್ಕರು.

ಮಾಮ ಅಂಗಡಿಯ ಯಜಮಾನರಾಗಿದ್ದರೂ ಅವರ ದಿನವೆಲ್ಲ ನಡೆಯುತ್ತಿದ್ದುದು ಮನೆಯ ಸುತ್ತ. ಮಧ್ಯಾಹ್ನ ಅಂಗಡಿಗೆ ಬೀಗ ಹಾಕಿ ಸೈಕಲ್ ತುಳಿದು ಊರಿಗೆ ಬರುವರು. ಬುತ್ತಿ ಒಯ್ಯಬಹುದಲ್ಲ ಎಂದರೆ, "ಅವ್ಳೊಬ್ಳೇ ಕೂತು ಉಣ್ಣಲ್ಲವ್ವ. ನಿಂತ್ಕಂಡೇ ಏನೋ ತಿಂದು ಮುಗಿಸ್ತಾಳೆ" ಎನ್ನುವರು. ದೀಪ ಹಚ್ಚುವ ಹೊತ್ತಿಗೆ ಯಾರ ಮೋಟಾರು ಅರ್ಧಕ್ಕೆ ನಿಂತರೂ ಸರಿ, ಮನೆಯಲ್ಲಿರಬೇಕು. ಚಾಪೆ ಹಾಸಿ, ಹೆಂಡತಿ ಮಕ್ಕಳ ನಡುವೆ ಮೊಣಕಾಲೂರಿ, ಜಪಸರ ಹಿಡಿಯುವರು. ಗೋಡೆಯ ಈಚೆ ಅಜ್ಜಿಯ ಲಿಂಗಪೂಜೆಯೂ ಅದೇ ಹೊತ್ತಿಗೆ. ನಡುಮನೆಯಲ್ಲಿ ಮಲಗಿದ ನನಗೆ ಎರಡು ಕಡೆಯ ಗುಣುಗುಣು ಒಂದೇ ಸಮ ಕೇಳುತ್ತಿತ್ತು. ಯಾವುದು ನಮ್ಮದು, ಯಾವುದು ಅವರದು ಎಂದು ಬಿಡಿಸಲು ಹೋಗಿ ನಿದ್ದೆ ಹತ್ತಿಬಿಡುತ್ತಿತ್ತು. ಎಷ್ಟೋ ವರ್ಷ ದೇವರೆಂದರೆ ಗೋಡೆಯೊಳಗೆ ಇರುವ ಒಂದು ಸದ್ದು ಎಂದೇ ನಾನು ತಿಳಿದಿದ್ದೆ. ಈಗಲೂ ಪೂರ್ತಿ ಬೇರೆ ತಿಳಿದಿದ್ದೇನೆ ಎಂದು ಹೇಳಲಾರೆ.

ಇಷ್ಟು ಶಿಸ್ತಿನ ಮನುಷ್ಯನಿಗೆ ಒಂದೇ ಒಂದು ದುರ್ಗುಣ. ಬೆಳಿಗ್ಗೆ ಏಳುತ್ತಿರಲಿಲ್ಲ. ಕೋಳಿ ಕೂಗುವಾಗ ಅತ್ತೆಯ "ಏಳ್ರೀ" ಶುರುವಾಗುವುದು. "ಇನ್ನೊಂದು ಗಳಿಗೆ" ಎಂದು ಒಳಗಿನಿಂದ ಬರುವುದು. ಮತ್ತೆ "ಏಳ್ರೀ", ಮತ್ತೆ "ಇನ್ನೊಂದು ಗಳಿಗೆ". ಅತ್ತೆಯ ದನಿ ಏರಿದಂತೆ ನಮ್ಮ ಮನೆ ಎದ್ದು, ಎದುರು ಮನೆ ಎದ್ದು, ಹಟ್ಟಿಯ ಎಮ್ಮೆಗಳೂ ಏಳುವುವು. ಅಜ್ಜಿ ಕಸ ಹೊಡೆಯುತ್ತಾ, "ನಿನ್ನ ಗಂಡನ್ನ ಬಿಟ್ಟು ಇಡೀ ಊರು ಎದ್ದೈತೆ ನೋಡವ್ವ. ಬಾಯಾಗೆ ಆಗೋ ಕೆಲ್ಸ ಅಲ್ಲ ಅದು, ಭುಜ ಹಿಡಿದು ಅಲುಗಾಡ್ಸು" ಎಂದು ಸಲಹೆ ಕೊಡುವಳು. ಕೊನೆಗೆ ಅತ್ತೆ ಹಾಗೇ ಮಾಡುವಳು. ಮಾಮ ಎದ್ದು ಕೂತು, ಶಿಲುಬೆ ಗುರುತು ಹಾಕಿಕೊಂಡು, ಯಾವುದೋ ದೂರದ ಊರಿನಿಂದ ಬಂದಿಳಿದವರ ಹಾಗೆ ನಮ್ಮನ್ನೆಲ್ಲ ನೋಡುವರು.

ಪ್ರತಿ ಕ್ರಿಸ್ಮಸ್ಸಿಗೆ ಅವರು ನನಗೊಂದು ಫ್ರಾಕು ಹೊಲಿಸುತ್ತಿದ್ದರು. ತಮ್ಮ ಮಗನಿಗೆ ಅಂಗಿ ತಪ್ಪಿದ ವರ್ಷವೂ ನನ್ನ ಫ್ರಾಕು ತಪ್ಪಿದ್ದಿಲ್ಲ. ನ್ಯಾಮತಿಯ ದರ್ಜಿಯ ಮುಂದೆ ನನ್ನನ್ನು ನಿಲ್ಲಿಸಿ, ಟೇಪು ನನ್ನ ಭುಜದಿಂದ ಮೊಣಕಾಲಿಗೆ ಇಳಿಯುವುದನ್ನು ಅವರು ನೋಡುತ್ತಿದ್ದ ಬಗೆ ವಿಚಿತ್ರವಾಗಿರುತ್ತಿತ್ತು. "ಹೋದ ವರ್ಷಕ್ಕಿಂತ ಇಷ್ಟು ಬೆಳೆದೈತಾ?" ಎಂದು ದರ್ಜಿಯನ್ನು ಕೇಳಿ ತಲೆಯಾಡಿಸುವರು. ನನ್ನ ಮೇಲೆ ಇಷ್ಟು ಪ್ರೀತಿ ಯಾಕೆ ಎಂದು ನಾನು ಕೇಳಿಕೊಳ್ಳಲಿಲ್ಲ. ಪ್ರೀತಿ ಸಿಗುವಾಗ ಮಕ್ಕಳು ಕಾರಣ ಕೇಳುವುದಿಲ್ಲ. ಕಾರಣವನ್ನು ಅಜ್ಜಿ ಹೇಳಿದ್ದು ನಾನು ದೊಡ್ಡವಳಾದ ಮೇಲೆ, ಬಿಸಿಲಲ್ಲಿ ಸಂಡಿಗೆ ಕಾಯುತ್ತಾ ಕೂತ ಒಂದು ಮಧ್ಯಾಹ್ನ.

ಅವರ ಮೊದಲ ಮಗು ಹೆಣ್ಣು. ನಾನೂ ಅವಳೂ ಒಂದೇ ಸಂಕ್ರಾಂತಿಯ ಆಸುಪಾಸಿನಲ್ಲಿ, ಒಂದೇ ಮನೆಯ ಎರಡು ಕೋಣೆಗಳಲ್ಲಿ ಹುಟ್ಟಿದೆವು. ಬಾಣಂತನದಲ್ಲಿ ನನ್ನ ಅಮ್ಮನಿಗೆ ಜ್ವರ ಬಂದು ಹಾಲು ಬತ್ತಿತು. ಅತ್ತೆ ಒಂದು ತೊಡೆಯ ಮೇಲೆ ತನ್ನ ಕೂಸನ್ನು, ಇನ್ನೊಂದು ತೊಡೆಯ ಮೇಲೆ ನನ್ನನ್ನು ಹಾಕಿಕೊಂಡು ಇಬ್ಬರಿಗೂ ಕುಡಿಸಿದಳು. ಕೋಳಿ ತಿಂದ ಬಾಯಿ ತೊಳೆದರಾ ಎಂದು ಕೇಳುವ ನನ್ನ ಅಜ್ಜಿ ಆವತ್ತು ಏನನ್ನೂ ಕೇಳಲಿಲ್ಲ.

ಆ ವರ್ಷದ ಮಳೆಗಾಲದಲ್ಲಿ ಕೂಸಿಗೆ ಜ್ವರ ಬಂತು. ಬಂದ ಜ್ವರ ಇಳಿಯಲಿಲ್ಲ, ಕೂಸು ಉಳಿಯಲಿಲ್ಲ. ಹೊರಗೆ ಮಳೆ ಹಿಡಿದು ಹಳ್ಳಗಳೆಲ್ಲ ರಸ್ತೆಯ ಮೇಲೆ ಹರಿಯುತ್ತಿದ್ದವು. ಬಸ್ಸು ನಿಂತಿತ್ತು. ಮಾಮನ ತಂದೆ ತಾಯಿ ಮಣ್ಣಾದದ್ದು ಭದ್ರಾವತಿಯ ಚರ್ಚಿನ ಸ್ಮಶಾನದಲ್ಲಿ. ಕೂಸನ್ನು ಅಲ್ಲಿಗೆ ಒಯ್ಯುವಂತಿಲ್ಲ, ಚರ್ಚಿನ ಗುರುಗಳನ್ನು ಇಲ್ಲಿಗೆ ಕರೆಸುವಂತಿಲ್ಲ. ಒಂದು ದಿನ ಕಾದರು. ಮಳೆ ನಿಲ್ಲಲಿಲ್ಲ. ಆಗ ಅಜ್ಜ ಹೋಗಿ ಮಾಮನ ಹೆಗಲ ಮೇಲೆ ಕೈಯಿಟ್ಟು, "ಹಿಂಗೆ ಇಟ್ಕಂಡು ಎಷ್ಟೊತ್ತಪ್ಪಾ ಕೂರ್ತೀಯ. ನಾವೂ ಮಣ್ಣಿಗೇ ಕೊಡೋರು. ನಮ್ಮ ಹೊಲ ಐತೆ, ಬಾ" ಅಂದನಂತೆ.

ಊರ ನಾಲ್ಕು ಜನ ಮಳೆಯಲ್ಲಿ ಗುಂಡಿ ತೋಡಿದರು. ಯಾರಿಗೂ ಅವರ ಪದ್ಧತಿ ಗೊತ್ತಿಲ್ಲ. ತಮಗೆ ಗೊತ್ತಿದ್ದ ಹಾಗೆ, ಲಿಂಗವಂತರಿಗೆ ತೋಡುವ ಹಾಗೆ, ಚೌಕದ ಗುಂಡಿ ತೆಗೆದು ಒಳಗೋಡೆಯಲ್ಲಿ ಗೂಡು ಕೊರೆದರು. ಮಾಮ ಕಣ್ಣು ಮುಚ್ಚಿ ಜಪಸರ ಹಿಡಿದು ನಿಂತಿದ್ದರು. ಕಣ್ಣು ಬಿಟ್ಟಾಗ ಕೂಸನ್ನು ಆ ಗೂಡಿನಲ್ಲಿ ಕೂಡಿಸಿ ಆಗಿತ್ತು. ಹಣೆಗೆ ವಿಭೂತಿ, ಮಡಿಲಲ್ಲಿ ಬಿಲ್ವಪತ್ರೆ. ಅವರ ಮುಖ ನೋಡಿದ ಮೇಲೆಯೇ ಅಜ್ಜನಿಗೆ ಏನೋ ಎಡವಟ್ಟಾಗಿದೆ ಎಂದು ಹೊಳೆದದ್ದು.

"ಯಾಕಪ್ಪಾ, ತಪ್ಪಾತಾ? ನಿಮ್ಮೋರು ಕೂಡಿಸಲ್ವಾ?"

"ಮಲಗಿಸ್ತೀವಿ ಯಜಮಾನ್ರೇ."

ಗುಂಡಿಯಲ್ಲಿ ಇಳಿದಿದ್ದವರು ಕೈ ಚಾಚಿ ಕೂಸನ್ನು ಮತ್ತೆ ಎತ್ತಿಕೊಳ್ಳಲು ಹೋದರು. ಮಾಮ ತಡೆದರು. ಕೆಳಗೆ ನೋಡುತ್ತಾ, "ಇರ್ಲಿ ಬಿಡ್ರಿ. ಈಗ ತಾನೆ ಕೂರಾಕೆ ಕಲ್ತಿದ್ಲು" ಎಂದರು.

ಇದನ್ನು ಹೇಳಿ ಅಜ್ಜಿ ಸೆರಗಿನಿಂದ ಮುಖ ಒರೆಸಿಕೊಂಡಳು. ನನಗೆ ಫ್ರಾಕುಗಳೆಲ್ಲ ಒಂದೊಂದಾಗಿ ನೆನಪಾದವು. ಹಳದಿಯದು, ಗುಲಾಬಿಯದು, ತೋಳಿಗೆ ಜಾಲರಿ ಇಟ್ಟದ್ದು. ಟೇಪು ಅಳೆಯುತ್ತಿದ್ದದ್ದು ನನ್ನೊಬ್ಬಳನ್ನೇ ಅಲ್ಲ.

ಮಳೆ ನಿಂತ ಮೇಲೆ ಗುರುಗಳು ಬಂದು ಆ ಜಾಗಕ್ಕೆ ತೀರ್ಥ ಚಿಮುಕಿಸಿ ಪ್ರಾರ್ಥನೆ ಮಾಡಿದರಂತೆ. ಕೂಸನ್ನು ಕದಲಿಸುವುದು ಬೇಡ, ಎಲ್ಲ ಮಣ್ಣೂ ದೇವರದೇ ಎಂದರಂತೆ. ಮಾಮನಿಗೆ ಅಷ್ಟು ಸಾಕಾಯಿತು. ಅತ್ತೆಗೆ ಸಾಕಾಗಲಿಲ್ಲ. "ನನ್ನ ಕೂಸು ಕಾಲು ಚಾಚಲಿಲ್ಲ" ಎಂದು ಒಂದೇ ಮಾತು ಅಂದಳಂತೆ ಆವತ್ತು. ಅಲ್ಲಿಂದ ಮುಂದೆ ಆ ಮಾತನ್ನು ಎತ್ತಲಿಲ್ಲ, ಆ ಹೊಲಕ್ಕೆ ಕಾಲಿಡಲಿಲ್ಲ. ಆಮೇಲೆ ಒಬ್ಬ ಮಗ, ಒಬ್ಬ ಮಗಳು ಹುಟ್ಟಿದರು. ಮನೆ ತುಂಬಿತು. ಮಗಳು ನರ್ಸ್ ಆದಳು, ಮಗ ಅಂಗಡಿ ಹಿಡಿದ. ಭದ್ರಾವತಿಯ ಅಣ್ಣ ತಮ್ಮಂದಿರು ಬಾ ಬಾ ಎಂದು ಕರೆಯುತ್ತಲೇ ಇದ್ದರು. ಮಾಮ ಗೋವಿನಕೋವಿ ಬಿಟ್ಟು ಕದಲಲಿಲ್ಲ. ಅತ್ತೆ ಮಾತ್ರ ಆಗಾಗ, "ಕಡೀಗೆ ನಮ್ಮಿಬ್ರನ್ನೂ ಭದ್ರಾವತಿಯಾಗೆ ನಮ್ಮತ್ತೆ ಮಾವನ ಪಕ್ಕ ಮಲಗಿಸ್ರಪ್ಪಾ. ನಮ್ಮೋರ ನಡುವೆ, ನಮ್ಮೋರಂಗೆ" ಎಂದು ಮಗನಿಗೆ ಹೇಳುತ್ತಿದ್ದಳು. ಮಾಮ ತಲೆ ತಗ್ಗಿಸಿ ಅನ್ನ ಕಲಸುತ್ತಿದ್ದರು.

ನವೆಂಬರಿನ ಎರಡನೇ ತಾರೀಕು ಕ್ಯಾಥೊಲಿಕ್ಕರು ಸತ್ತವರನ್ನು ನೆನೆಯುವ ದಿನ. ಆ ಸಂಜೆ ಮಾಮ ಮೇಣದ ಬತ್ತಿ ಹಿಡಿದು ಹೊಲಕ್ಕೆ ಹೋಗುತ್ತಿದ್ದರು. ಜೊತೆಗೆ ಅಜ್ಜ ತಪ್ಪದೆ ಹೋಗುತ್ತಿದ್ದ. ಹೈಸ್ಕೂಲು ಮುಗಿಸಿದ ವರ್ಷ ನಾನೂ ಹೋದೆ. ಹೊಲದ ಮೂಲೆಯಲ್ಲಿ ಬನ್ನಿ ಗಿಡ, ಅದರ ಕೆಳಗೆ ಸುಣ್ಣ ಬಳಿದ ಸಣ್ಣ ಕಟ್ಟೆ, ತಲೆಯ ಕಡೆ ಸಿಮೆಂಟಿನ ಶಿಲುಬೆ. ಅಲ್ಲಿ ತಲೆಯ ಕಡೆ ಅನ್ನುವುದೇ ತಪ್ಪು. ಗಾಳಿಗೆ ಆರದ ಹಾಗೆ ತೆಂಗಿನ ಕರಟದೊಳಗೆ ಬತ್ತಿ ನಿಲ್ಲಿಸಿ ಹಚ್ಚಿದೆವು. ಸುತ್ತ ಮೆಕ್ಕೆಜೋಳ ಕೊಯ್ದ ಕೂಳೆ. ಇಬ್ಬನಿ ಇಳಿಯಲು ಶುರುವಾಗಿತ್ತು. ಮಾಮ ಪ್ರಾರ್ಥನೆ ಮುಗಿಸುವ ತನಕ ಅಜ್ಜ ಕಾದು, ಬಹಳ ದಿನದಿಂದ ಕೇಳಬೇಕೆಂದಿದ್ದವನ ಹಾಗೆ ಕೇಳಿದ.

"ಅಲ್ಲಪ್ಪಾ, ನಿಮ್ಮೋರು ಹಂಗೆ ಮಲಗಿ ಏನ್ ಮಾಡ್ತಾರೆ?"

"ಕಾಯ್ತಾರೆ ಯಜಮಾನ್ರೇ. ಒಂದಿನ ಯೇಸುಸ್ವಾಮಿ ಕರೀತಾರೆ. ಆವಾಗ ಎಲ್ರೂ ಏಳ್ತಾರೆ."

"ಎಲ್ರೂ?"

"ಎಲ್ರೂ."

ಅಜ್ಜ ಕಟ್ಟೆಯನ್ನು ನೋಡಿದ. ಎಲೆ ಅಡಿಕೆ ಬಾಯಿಗೆ ಹಾಕಿಕೊಂಡ. ಅವನಿಗೆ ಇದು ತಮಾಷೆಯಲ್ಲ. ಹೊಲದ ಬದುವಿನ ನ್ಯಾಯ ಬಿಡಿಸುವಷ್ಟೇ ಗಂಭೀರವಾಗಿ ಯೋಚಿಸಿ ಹೇಳಿದ: "ಹಂಗಾದ್ರೆ ನಿನ್ನ ಕೂಸೇ ಮೊದ್ಲು ಏಳ್ತೈತೆ ಬಿಡಪ್ಪ. ಕೂತೈತಲ್ಲ! ಮಲಗಿದೋರು ಮಗ್ಗಲು ಬದಲಿಸಿ, ಮೈ ಮುರಿದು ಏಳೋದ್ರಾಗೆ ಅದು ಎದ್ದು ನಿಂತಿರ್ತೈತೆ. ನಿನ್ನನ್ನ ಎಬ್ಸಾಕೂ ಅದೇ ಬರ್ತೈತೆ."

ಮಾಮ ಮೊದಲು ನಕ್ಕರು. ಆಮೇಲೆ ಕನ್ನಡಕ ತೆಗೆದು ಒರೆಸುತ್ತಾ ನಿಂತರು. ಒರೆಸುವುದು ಮುಗಿಯಲೇ ಇಲ್ಲ. ಒರೆಸುತ್ತಲೇ, "ಹಂಗಾದ್ರೆ ನಾನು ದೂರ ಮಲಗಬಾರ್ದು ಯಜಮಾನ್ರೇ. ಸಣ್ಣ ಕೂಸು, ಭದ್ರಾವತಿ ತನಕ ನಡಿಯಾಕೆ ಆಗಲ್ಲ" ಎಂದರು.

"ಜಾಗ ಐತೆ. ಇಲ್ಲೇ ಮಲಗು. ಬ್ಯಾಡ ಅನ್ನೋರ್ಯಾರು?" ಎಂದ ಅಜ್ಜ. ಕತ್ತಲಾಗುವ ಮೊದಲು ಮನೆಗೆ ಬಂದೆವು. ದಾರಿಯುದ್ದಕ್ಕೂ ಅವರಿಬ್ಬರೂ ಮೆಕ್ಕೆಜೋಳದ ಮಾತೇ ಆಡಿದರು.

ಅಜ್ಜ ತೀರಿಕೊಂಡಾಗ ಅವನನ್ನು ಅದೇ ಹೊಲದಲ್ಲಿ, ಕೂಸಿನ ಎಡಕ್ಕೆ, ಅಂಗೈಯಲ್ಲಿ ಲಿಂಗವಿಟ್ಟು ಕೂಡಿಸಿದರು. ಮಾಮ ಕೊನೆಯವರೆಗೂ ಗುಂಡಿಯ ಅಂಚಿನಲ್ಲೇ ಇದ್ದರು. ವಾಪಸು ಬರುವಾಗ ನನ್ನ ಪಕ್ಕ ನಡೆಯುತ್ತಾ, "ಕೂಸಿಗೆ ಈಗ ಜೊತೆ ಆತು ನೋಡವ್ವ" ಎಂದರು. ಅಜ್ಜ ಸತ್ತ ದುಃಖದಲ್ಲಿ ಆವತ್ತು ನನಗೆ ಸಿಕ್ಕ ಸಮಾಧಾನ ಅದೊಂದೇ.

ಆಮೇಲೆ ನನಗೆ ಬಸವಾಪಟ್ಟಣದ ಶಾಲೆಯಲ್ಲಿ ಕೆಲಸ ಸಿಕ್ಕಿತು, ಮದುವೆಯಾಗಿ ಚನ್ನಗಿರಿಯಲ್ಲಿ ಮನೆಯಾಯಿತು. ಊರಿಗೆ ಹೋದಾಗಲೆಲ್ಲ ಮೊದಲು ಮಾಮನ ಕೋಣೆ, ಆಮೇಲೆ ತವರು. ಹೋದ ವರ್ಷ ಅವರ ಎದೆ ಸೋತು, ಡಾಕ್ಟರು ಮೆಟ್ಟಿಲು ಹತ್ತಬೇಡಿ, ಸೈಕಲ್ ತುಳಿಯಬೇಡಿ ಎಂದ ಮೇಲೆ, ಭಾನುವಾರಗಳಲ್ಲಿ ಹೋಗಿ ಕೂರುತ್ತಿದ್ದೆ. ಭಾನುವಾರದ ಪೂಜೆಯನ್ನು ಅವರು ಮಗನ ಮೊಬೈಲಿನಲ್ಲಿ ನೋಡುತ್ತಿದ್ದರು. ಮೊಬೈಲಿಗೇ ಮೊಣಕಾಲೂರಲು ಹೋಗುತ್ತಿದ್ದರು, ಅತ್ತೆ ಗದರಿಸಿ ಕುರ್ಚಿಯಲ್ಲಿ ಕೂಡಿಸುತ್ತಿದ್ದಳು. ಬೆಳಿಗ್ಗೆ ಎಬ್ಬಿಸುವ ಪಾಡು ಮೊದಲಿನಂತೆಯೇ ಇತ್ತು. ಈಗ ಅತ್ತೆಯ ದನಿಯಲ್ಲಿ ಹೆದರಿಕೆ ಸೇರಿತ್ತು. "ಇನ್ನೊಂದು ಗಳಿಗೆ" ಎಂದು ಒಳಗಿನಿಂದ ಬಂದ ಮೇಲೆಯೇ ಅವಳು ಉಸಿರು ಬಿಡುತ್ತಿದ್ದದ್ದು.

ಅಂಥ ಒಂದು ಭಾನುವಾರ, ಅತ್ತೆ ಅಂಗಳದಲ್ಲಿ ತೊಗರಿ ಹಸನು ಮಾಡುತ್ತಿದ್ದಾಗ, ಮಾಮ ಕಿಟಕಿಯ ಬಿಸಿಲಿಗೆ ಕಾಲು ಚಾಚಿ ಕೂತು ಕನಸು ಹೇಳಿದರು.

"ಅವ್ಳು ಬಂದ್ರೆ ಕೂತೇ ಇರ್ತಾಳವ್ವ. ನೀನು ಇಷ್ಟೆತ್ತರ ಬೆಳೆದೆ, ಅವ್ಳೂ ಬೆಳೆದಿರ್ತಾಳೆ ಅಂತ ನಾನು ಅಂದ್ಕಂತೀನಿ. ಕನಸಿನಾಗೆ ಅಷ್ಟೇ ಇರ್ತಾಳೆ. ನಾನು ತಂತಿ ಸುತ್ತತಾ ಇರ್ತೀನಿ. ಆ ಕಡೆ ತುದಿ ಅವ್ಳ ಕೈಯಾಗಿರ್ತೈತೆ. ಎಷ್ಟು ಸುತ್ತಿದ್ರೂ ತಂತಿ ಮುಗಿಯಲ್ಲ. ಅವ್ಳೂ ಬಿಡಲ್ಲ."

"ಲೆಕ್ಕ ತಪ್ಪಲ್ವಾ ಮಾಮ?" ಎಂದು ನಾನು ಹಗುರ ಮಾಡಲು ನೋಡಿದೆ.

"ಲೆಕ್ಕಾನೇ ಇಲ್ಲವ್ವ ಅಲ್ಲಿ" ಎಂದು ನಕ್ಕರು.

ನಾನು ಧೈರ್ಯ ಮಾಡಿ, ಬನ್ನಿ ಗಿಡದ ಕೆಳಗಿನ ಜಾಗದ ವಿಷಯ ಅತ್ತೆಗೆ ಹೇಳಿದ್ದೀರಾ ಎಂದು ಕೇಳಿದೆ. ಅವರು ಅಂಗಳದ ಕಡೆ ನೋಡಿದರು. ಅತ್ತೆ ಮೊರದಲ್ಲಿ ಕೇರುತ್ತಿದ್ದಳು, ಹೊಟ್ಟು ಬಿಸಿಲಲ್ಲಿ ಹಾರುತ್ತಿತ್ತು. "ಇಲ್ಲ. ಕೂಸು ಕೂತಿರೋ ಮಾತು ಎತ್ತಿದ್ರೆ ಅವ್ಳಿಗೆ ಆ ಮಳೆ ಮತ್ತೆ ಶುರು ಆಗ್ತೈತೆ. ಬದುಕೆಲ್ಲ ಅವ್ಳ ಜೊತೆ ಉಂಡಿದೀನಿ. ಅವ್ಳು ಎಲ್ಲಿ ಅಂತಾಳೋ ಅಲ್ಲೇ ಮಲಗ್ತೀನಿ" ಎಂದರು. ಅವರ ಕೈ ಹಿಡಿದುಕೊಂಡೆ. ಹೆಬ್ಬೆರಳ ಗೀರು ಹಾಗೇ ಇತ್ತು, ಸುತ್ತಲಿನ ಚರ್ಮ ಮಾತ್ರ ಸಡಿಲಾಗಿತ್ತು.

ಅವರು ಹೋದದ್ದು ಮರುವಾರ ಒಂದು ಬೆಳಿಗ್ಗೆ. ಅತ್ತೆ "ಏಳ್ರೀ" ಎಂದಳು. ಒಳಗಿನಿಂದ ಏನೂ ಬರಲಿಲ್ಲ.

ಮಗ ಫೋನು ಮಾಡಿದ. ಚನ್ನಗಿರಿಯಿಂದ ನಾನು ಹೋಗಿ ಇಳಿಯುವ ಹೊತ್ತಿಗೆ ಮನೆಯ ಮುಂದೆ ಜನ ಸೇರಿದ್ದರು. ಭದ್ರಾವತಿಗೆ ಒಯ್ಯಲು ಗಾಡಿ ಬಂದು ನಿಂತಿತ್ತು. ಅಲ್ಲಿಯ ಚರ್ಚಿನಲ್ಲಿ ಜಾಗ ಹೇಳಿಯಾಗಿತ್ತು. ಮಾಮನಿಗೆ ಬಿಳಿ ಅಂಗಿ ತೊಡಿಸಿ, ಕೈಗೆ ಜಪಸರ ಸುತ್ತಿದ್ದರು. ತಲೆಯ ಹತ್ತಿರ ಅತ್ತೆ. ಅಳುತ್ತಿರಲಿಲ್ಲ. ನನ್ನನ್ನು ನೋಡಿ ಪಕ್ಕದಲ್ಲಿ ಜಾಗ ಮಾಡಿದಳು. ಕೂತೆ. ನನ್ನ ಕಿವಿಯಲ್ಲಿ, "ಹೋದ ವಾರ ನಿನ್ನ ಹತ್ರ ಏನೇನೋ ಮಾತಾಡ್ತಿದ್ರು. ನನ್ನ ಕಡೆ ನೋಡ್ತಾ ಮಾತಾಡ್ತಿದ್ರು. ಏನಂದ್ರು?" ಎಂದಳು.

ಹೇಳಬೇಕೋ ಬೇಡವೋ ಎಂದು ನಾನು ತೂಗಲಿಲ್ಲ. ಅಮ್ಮನ ಹಾಲು ಬತ್ತಿದಾಗ ನನ್ನ ಹೊಟ್ಟೆ ತುಂಬಿಸಿದವಳು ಕೇಳುತ್ತಿದ್ದಾಳೆ. ಹೋದ ವಾರ ಮಾಮ ಅಂದದ್ದು, ಹಿಂದೆ ಆ ನವೆಂಬರ್ ಸಂಜೆ ಅಜ್ಜ ಕೇಳಿದ್ದು, ಮಾಮ ಹೇಳಿದ್ದು, ಅಜ್ಜ ಎಲೆ ಅಡಿಕೆ ಹಾಕಿಕೊಂಡು ಯೋಚಿಸಿದ್ದು, ಎಲ್ಲವನ್ನೂ ಹೇಳಿದೆ. ಕೂತವರು ಮೊದಲು ಏಳುತ್ತಾರೆ ಎಂದದ್ದು. ಎಬ್ಬಿಸಲು ಕೂಸೇ ಬರುತ್ತದೆ ಎಂದದ್ದು. ಸಣ್ಣ ಕೂಸು, ಭದ್ರಾವತಿ ತನಕ ನಡೆಯಲಾರದು ಎಂದದ್ದು.

ಅತ್ತೆ ಮಾಮನ ಮುಖ ನೋಡುತ್ತಾ ಕೇಳಿಸಿಕೊಂಡಳು. ಕೊನೆಗೆ, "ನಿಮ್ಮಜ್ಜಾರು ಹಂಗಂದ್ರಾ?" ಎಂದಳು. ಹೌದೆಂದೆ. "ಇವ್ರು ನಕ್ರಾ?" ಎಂದಳು. ನಕ್ಕರು, ಆಮೇಲೆ ಅತ್ತರು ಎಂದೆ. ಅವಳು ಅವರ ಹಣೆಯ ಕೂದಲನ್ನು ಹಿಂದಕ್ಕೆ ಸರಿಸಿದಳು. ಎದ್ದು ನಿಂತು ಮಗನನ್ನು ಕರೆದಳು.

"ಗಾಡಿ ಕಳಿಸಿಬಿಡಪ್ಪಾ. ಗುರುಗಳ್ನ ಇಲ್ಲಿಗೇ ಬರಾಕೆ ಕೇಳ್ಕ. ನಿಮ್ಮಪ್ಪನ್ನ ಹೊಲಕ್ಕೇ ಕರ್ಕಂಡು ಹೋಗಾನ."

ಮಗ ನಂಬದೆ ಅವಳನ್ನೇ ನೋಡಿದ. "ನೀನು? ನಾಳೆ ನಿನ್ನನ್ನ?" ಎಂದ.

"ನಾನೂ ಅಲ್ಲೇ. ಪಕ್ಕದಾಗೆ ಜಾಗ ಬಿಡ್ಸು."

ನನ್ನಪ್ಪ ಆಗಲೇ ಹಾರೆ ಸಲಿಕೆ ತರಿಸಿದ್ದ. ಹೊಲದಲ್ಲಿ ಹಳೆಯ ಆಳೊಬ್ಬ ರೂಢಿಯಂತೆ ಚೌಕಕ್ಕೆ ಗೆರೆ ಎಳೆದಿದ್ದ. ಅಪ್ಪ ಓಡಿಹೋಗಿ, "ಉದ್ದಕ್ಕೆ ತೆಗೀಯೋ ಮಾರಾಯ! ಈ ಸಲಾನೂ ಅದೇ ಕೆಲ್ಸ ಮಾಡ್ಬ್ಯಾಡ" ಎಂದು ಅಳಿಸಿದ. ಇಳಿಬಿಸಿಲಿನಲ್ಲಿ ಗುರುಗಳು ಬಂದರು. ಹೊಸ ಗುಂಡಿಗೆ ತೀರ್ಥ ಚಿಮುಕಿಸಿದರು. ಕೂಸಿನ ಕಟ್ಟೆಯ ಮೇಲೂ ನಾಲ್ಕು ಹನಿ ಬಿದ್ದವು, ಆಚೆ ಅಜ್ಜನ ಗದ್ದುಗೆಯ ಮೇಲೂ ಬಿದ್ದವು. ಬಿಳಿಚೋಡಿನ ರೈತ ಸುದ್ದಿ ತಿಳಿದು ಬಂದಿದ್ದ. ಪ್ರಾರ್ಥನೆ ನಡೆಯುವಷ್ಟು ಹೊತ್ತೂ ಹೆಗಲ ವಸ್ತ್ರವನ್ನು ಬಾಯಿಗೆ ಒತ್ತಿಕೊಂಡು ನಿಂತಿದ್ದ. ಮಾಮನನ್ನು ಇಳಿಸಿದರು. ಅವರು ಕಾಲು ಚಾಚಿ ಮಲಗಿದರು. ಎಲ್ಲರೂ ಹಿಡಿ ಹಿಡಿ ಮಣ್ಣು ಹಾಕಿದೆವು. ಅವರು ಕೊಡಿಸಿದ ಅಷ್ಟು ಫ್ರಾಕುಗಳಿಗೆ, ಅವರ ಮನೆಯ ಹಾಲಿಗೆ, ನನ್ನ ಕೈಯಿಂದ ಅವರಿಗೆ ಸಂದದ್ದು ಆ ಒಂದು ಹಿಡಿ ಮಣ್ಣು ಮತ್ತು ಆ ಒಂದು ಮಾತು.

ಜನ ಚದುರಿದರು. ಅತ್ತೆ ಬರಲಿಲ್ಲ. ನಾನು ಬನ್ನಿ ಗಿಡದ ಹತ್ತಿರ ಅವಳಿಗೆ ಕಾದು ನಿಂತೆ. ಅವಳು ಇಷ್ಟು ವರ್ಷಗಳಲ್ಲಿ ಮೊದಲ ಸಲ ಆ ಸುಣ್ಣದ ಕಟ್ಟೆಯ ಪಕ್ಕ ಕೂತಳು. ಅಂಗೈಯಿಂದ ಅದರ ಮೇಲಿನ ಒಣಗಿದ ಎಲೆ ಗುಡಿಸಿದಳು. ಅಲ್ಲೇ ಕೈ ಇಟ್ಟುಕೊಂಡು, ಹೊರಗೆ ಹೊರಟ ತಾಯಿ ಮನೆಯಲ್ಲಿ ಬಿಟ್ಟ ಮಗಳಿಗೆ ಹೇಳುವ ದನಿಯಲ್ಲಿ ಹೇಳಿದಳು:

"ನಿಮ್ಮಪ್ಪ ಒಂದೇ ಕೂಗಿಗೆ ಏಳಲ್ಲ ಮಗಳೇ. ಇನ್ನೊಂದು ಗಳಿಗೆ ಅಂತಾರೆ. ಭುಜ ಹಿಡಿದು ಅಲುಗಾಡ್ಸು."